ಆರು ತಾಸಿನ ಬಿಸಿಲು ಕಲಬುರಗಿಗೆ ಹೊಂದೋದಿಲ್ಲ

ಕುಂಡದಲ್ಲಿ ಕೊತ್ತಂಬರಿ ಬೆಳೆಯೋ ಬಗ್ಗೆ ನಿಮ್ಮ ಲೇಖನ ಓದಿದೆ. ಕುಂಡಕ್ಕೆ ದಿನಾ ಆರು ತಾಸು ನೇರ ಬಿಸಿಲು ಬೇಕು ಅಂತ ಬರೆದಿದ್ದೀರಿ. ಡಿಸೆಂಬರಿನಲ್ಲಿ ಸರಿ. ಬೇಸಿಗೆಯಲ್ಲಿ 42 ಡಿಗ್ರಿ ದಾಟುವ ಕಲಬುರಗಿಯ ಮಾಳಿಗೆ ಮೇಲೆ ಹಾಗಿಟ್ಟರೆ ನಾಲ್ಕು ಎಲೆ ಬಿಡೋದರೊಳಗೆ ದಂಟು ಎದ್ದು ಹೂವಾಗುತ್ತದೆ, ಸೊಪ್ಪು ಸಿಗೋದಿಲ್ಲ. ಮಾರ್ಚ್‌ನಿಂದ ಮಳೆ ಹಿಡಿಯೋವರೆಗೆ ಬೆಳಗಿನ ಎರಡು-ಮೂರು ತಾಸಿನ ಎಳೆ ಬಿಸಿಲು ಸಾಕು, ಆಮೇಲೆ ಹಸಿರು ನೆಟ್ಟಿನ ನೆರಳು. ಹೊಸಬರು ಆ ತಿಂಗಳುಗಳಲ್ಲಿ ಪುದಿನಾ ಹಚ್ಚೋದೇ ಜಾಣತನ.

ಕುಂಡಕ್ಕೆ ‘ಹೊಲದ ಮಣ್ಣು ಸಾಕು’ ಅನ್ನೋ ನಿಮ್ಮ ಮಾತಂತೂ ಇಲ್ಲಿ ನಡೆಯೋದೇ ಇಲ್ಲ. ನಮ್ಮ ಎರೆಮಣ್ಣು (ಕಪ್ಪು ಜಿಗುಟು ಮಣ್ಣು) ಒಣಗಿದರೆ ಕುಗ್ಗಿ ಕುಂಡದ ಅಂಚು ಬಿಡುತ್ತದೆ. ಹಾಕಿದ ನೀರು ಆ ಬಿರುಕಿನಲ್ಲೇ ಜಾರಿ ತಳದ ತೂತಿನಿಂದ ಹೊರಗೆ ಬರುತ್ತದೆ. ನೀರು ಹರಿದದ್ದು ನೋಡಿ ನಾವು ಸುಮ್ಮನಾಗುತ್ತೇವೆ, ಒಳಗೆ ಬೇರು ಒಣಗಿರುತ್ತದೆ. ಎರೆಮಣ್ಣು, ಮರಳು, ಎರೆಹುಳು ಗೊಬ್ಬರ ಸಮಪಾಲು ಕಲಸಿ, ಮೇಲೆ ಒಂದು ಬೆರಳು ದಪ್ಪ ಒಣ ಎಲೆ ಹಾಸಿ.

ಬೀಜದ ಬಗ್ಗೆ ಒಂದು ಮಾತು ಬಿಟ್ಟಿದ್ದೀರಿ. ಧನಿಯಾ ಕಾಳು ಒಂದೇ ಕಂಡರೂ ಒಳಗೆ ಎರಡು ಬೀಜ. ಲಟ್ಟಣಿಗೆಯಿಂದ ಮೆಲ್ಲಗೆ ಒತ್ತಿ ಎರಡು ಹೋಳು ಮಾಡಿ (ಪುಡಿ ಮಾಡಬೇಡಿ, ಅದು ಸಾರಿಗೆ), ರಾತ್ರಿಯಿಡೀ ನೆನೆಸಿ, ಅರ್ಧ ಇಂಚು ಆಳಕ್ಕೆ ಬಿತ್ತಿ.