ನ್ಯಾನೋ ಇಂಜೆಕ್ಷನ್ ಬಂತೆಂದು ಆಪರೇಷನ್ ಬಿಡಬೇಡಿ: ಒಂದು ಸ್ಪಷ್ಟನೆ

ಹುಬ್ಬಳ್ಳಿ-ಧಾರವಾಡದ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ. ಸ್ತನ ಕ್ಯಾನ್ಸರ್‌ಗೆ ನ್ಯಾನೋ ಇಂಜೆಕ್ಷನ್ ಬಂದಿದೆಯಂತೆ. ಔಷಧಿ ನೇರ ಗಡ್ಡೆಗೇ ಹೋಗುತ್ತದಂತೆ. ಕೀಮೋ ಬೇಡ, ಆಪರೇಷನ್ ಬೇಡ, ಅಡ್ಡ ಪರಿಣಾಮವೂ ಇಲ್ಲವಂತೆ. ಇದನ್ನು ನಂಬಬೇಡಿ.

ನ್ಯಾನೋ ಔಷಧಿ ಇರುವುದು ನಿಜ, ಆದರೆ ಹೊಸದಲ್ಲ. ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಹಳೆಯ ಕೀಮೋ ಔಷಧಿಯನ್ನು ರಕ್ತದಲ್ಲಿರುವ ಆಲ್ಬುಮಿನ್ ಎಂಬ ಪ್ರೋಟೀನಿನ ಜೊತೆ ಸೇರಿಸಿ, ಸುಮಾರು 130 ನ್ಯಾನೋಮೀಟರ್‌ನ, ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳನ್ನಾಗಿ ಮಾಡುತ್ತಾರೆ. ಇದರ ಹೆಸರು ಅಬ್ರಾಕ್ಸೇನ್. ಬೇರೆ ಅಂಗಗಳಿಗೆ ಹರಡಿದ ಸ್ತನ ಕ್ಯಾನ್ಸರ್‌ಗಾಗಿ ಅಮೆರಿಕ 2005ರಲ್ಲೇ ಇದಕ್ಕೆ ಒಪ್ಪಿಗೆ ಕೊಟ್ಟಿತು. ಅಂದರೆ ಇದೂ ಕೀಮೋನೇ, ಅಲ್ವಾ?

ಲಾಭ ಖಂಡಿತ ಇದೆ. ಪ್ಯಾಕ್ಲಿಟ್ಯಾಕ್ಸೆಲ್ ನೀರಿನಲ್ಲಿ ಕರಗುವುದಿಲ್ಲ. ಅದಕ್ಕೇ ಹಳೆಯ ಇಂಜೆಕ್ಷನ್‌ನಲ್ಲಿ ಹರಳೆಣ್ಣೆಯಿಂದ ತಯಾರಿಸಿದ ದ್ರಾವಕ ಬೆರೆಸುತ್ತಾರೆ. ಕೆಲವರಿಗೆ ಅದರಿಂದ ಜೋರು ಅಲರ್ಜಿ ಆಗುತ್ತದೆ. ಅಬ್ರಾಕ್ಸೇನ್‌ನಲ್ಲಿ ಆ ದ್ರಾವಕ ಇಲ್ಲ. ಆದರೂ ಕೂದಲು ಉದುರುತ್ತದೆ, ಬಿಳಿ ರಕ್ತಕಣಗಳು ಇಳಿಯುತ್ತವೆ, ಕೈಕಾಲು ಜೋಮು ಹಿಡಿಯುತ್ತವೆ.

ನೇರ ಗಡ್ಡೆಗೇ ಹೋಗುತ್ತದೆ ಎನ್ನುವುದೂ ಉತ್ಪ್ರೇಕ್ಷೆ. ಗಡ್ಡೆಯ ರಕ್ತನಾಳಗಳು ಸೋರುವುದರಿಂದ ಕಣಗಳು ಅಲ್ಲಿ ನುಸುಳಬಹುದು. ಆದರೆ ಬಹುಪಾಲು ಔಷಧಿ ಲಿವರ್ ಮತ್ತಿತರ ಕಡೆ ಹೋಗುತ್ತದೆ.

ನನಗೆ ನಿಜವಾಗಿ ಆತಂಕ ಇರುವುದು ಇನ್ನೊಂದಕ್ಕೆ. ಗಡ್ಡೆ ಸ್ತನದಲ್ಲಷ್ಟೇ ಇರುವಾಗ ಆಪರೇಷನ್ನೇ ಮುಖ್ಯ ಚಿಕಿತ್ಸೆ. ಇಂಥ ಸಂದೇಶ ಓದಿ ಯಾರಾದರೂ ಅಕ್ಕ, ಅವ್ವ ಸುಮ್ನೆ ಕಾದು ಕುಳಿತರೆ ಕಾಯಿಲೆ ಹರಡಬಹುದು. ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಯಲ್ಲೋ ಕಿಮ್ಸ್ ಎಂದು ಕರೆಯುವ ಸರ್ಕಾರಿ ಆಸ್ಪತ್ರೆಯಲ್ಲೋ ಆಪರೇಷನ್‌ಗೆ ತಾರೀಖು ಸಿಕ್ಕಿದ್ದರೆ ದಯವಿಟ್ಟು ತಪ್ಪಿಸಬೇಡಿ. ಅನುಮಾನ ಇದ್ದರೆ ಆ ಸಂದೇಶವನ್ನೇ ಡಾಕ್ಟರಿಗೆ ತೋರಿಸಿ ಕೇಳಿ.