ಗೇರೂ ಬೇಡ, ನೆರವೂ ಬೇಡ: ದೆಗ್ರಾಂಜ್ ಮಾಡಿದ್ದು ಸರಿಯೇ?

ನಾನು ಸೈಕಲ್ ಕಲಿತದ್ದು ತಾಸಿನ ಬಾಡಿಗೆಯ ಸೈಕಲ್ಲಿನಲ್ಲಿ. ಅಡ್ಡ ಪೈಪಿನ ಕೆಳಗೆ ಕಾಲು ತೂರಿಸಿ ಕತ್ತರಿ ಹೊಡೆಯುತ್ತಾ. ಏರು ಬಂದರೆ ಇಳಿದು ತಳ್ಳುವುದು, ಚೈನ್ ಬಿದ್ದರೆ ಕಡ್ಡಿ ಹಾಕಿ ಕೂರಿಸುವುದು. ಗೇರ್ ಅನ್ನುವುದು ಊರಿನ ಶ್ರೀಮಂತರ ಮಗನ ಹತ್ತಿರ ಮಾತ್ರ ಇದ್ದ ವಸ್ತು.

ಹಲವು ಹಂತಗಳಲ್ಲಿ ಫ್ರಾನ್ಸ್ ಸುತ್ತುವ ಸೈಕಲ್ ರೇಸ್ ಟೂರ್ ಡಿ ಫ್ರಾನ್ಸ್‌ನ ಸವಾರರ ಪಾಡೂ ಬಹಳ ವರ್ಷ ಸುಮಾರಾಗಿ ಹೀಗೇ ಇತ್ತು. 1903ರಲ್ಲಿ ಈ ರೇಸ್ ಶುರು ಮಾಡಿದ ಪತ್ರಿಕಾ ಸಂಪಾದಕ ಆನ್ರಿ ದೆಗ್ರಾಂಜ್‌ಗೆ ಎರಡು ಹಟ ಇದ್ದವು. ಸವಾರ ತನ್ನ ಸೈಕಲ್ಲನ್ನು ತಾನೇ ರಿಪೇರಿ ಮಾಡಿಕೊಳ್ಳಬೇಕು, ಹೊರಗಿನವರು ಕೈ ಹಚ್ಚಬಾರದು. ಓಡುತ್ತಿರುವಾಗಲೇ ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಡೆರೈಲರ್ ಗೇರ್ ಕೂಡದು. ಮೊದಲ ಹಟ ಕಾಲ ಕಳೆದಂತೆ ಸಡಿಲವಾಯಿತು. ಎರಡನೆಯದು, ದೊಡ್ಡ ತಂಡಗಳ ಮಟ್ಟಿಗೆ, 1937ರವರೆಗೂ ಉಳಿಯಿತು. ಸರಿಯೋ ತಪ್ಪೋ? ಎರಡೂ ಕಡೆಯ ವಾದ ಬರೆದವನು ನಾನೇ. ಒಂದನ್ನು ಬರೆಯುವಾಗ ಬೆವರು ಸ್ವಲ್ಪ ಜಾಸ್ತಿ ಬಂತು.

ಪರ: ಓಡಬೇಕಾದ್ದು ಮನುಷ್ಯ

ದೆಗ್ರಾಂಜ್ ಬರೀ ಕುರ್ಚಿಯಲ್ಲಿ ಕೂತು ಆಜ್ಞೆ ಮಾಡಿದವನಲ್ಲ. 1893ರಲ್ಲಿ ಪ್ಯಾರಿಸ್ಸಿನ ಬಫಲೋ ಟ್ರ್ಯಾಕಿನಲ್ಲಿ ಒಂದು ತಾಸಿಗೆ 35.325 ಕಿ.ಮೀ. ಓಡಿ ದಾಖಲೆ ಬರೆದ ಸವಾರ. ತೊಡೆ ಉರಿಯುವುದು ಅಂದರೆ ಏನು ಅಂತ ಅವನಿಗೆ ಗೊತ್ತಿತ್ತು.

ಅವನ ಮುಂದಿದ್ದ ತೊಂದರೆ ಏನು ನೋಡಿ. ಆ ಕಾಲದ ರೇಸುಗಳು ಸೈಕಲ್ ಮತ್ತು ಟೈರ್ ಕಂಪನಿಗಳ ಜಾಹೀರಾತು ಮೈದಾನ ಆಗಿದ್ದವು. 1891ರ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್ ರೇಸನ್ನು ಶಾರ್ಲ್ ತೆರೋ ಗೆದ್ದ. ಸುಮಾರು 1200 ಕಿ.ಮೀ. ದಾರಿ, 71 ಗಂಟೆ 22 ನಿಮಿಷ. ಅವನ ಸೈಕಲ್ಲಿಗೆ ಇದ್ದದ್ದು ಮಿಶೆಲಿನ್ ಕಂಪನಿಯ ಹೊಸ ಗಾಳಿ ಟೈರ್. ಗೆದ್ದವನು ತೆರೋನೋ, ಟೈರೋ? ಕಂಪನಿಗಂತೂ ಉತ್ತರ ಗೊತ್ತಿತ್ತು. ಇದರ ಮೇಲೆ ಪೇಸರ್‌ಗಳು ಬೇರೆ. ಇವರು ಮುಂದೆ ಓಡಿ ಗಾಳಿ ತಡೆಯುವ ಬಾಡಿಗೆ ಸವಾರರು. ದುಡ್ಡಿದ್ದ ಕಂಪನಿಯ ಸವಾರನಿಗೆ ಒಳ್ಳೆಯ ಪೇಸರ್, ದುಡ್ಡಿಲ್ಲದವನಿಗೆ ಎದುರುಗಾಳಿ. ಟೂರ್ ಶುರುವಿನಲ್ಲೇ ಇವರನ್ನು ದೂರ ಇಟ್ಟಿತು. ನೆರವು ಬೇಡ ಅನ್ನುವ ನಿಯಮವೂ ಅದೇ ಜಾಡಿನದು.

ಗೇರಿನ ವಿಷಯದಲ್ಲಿ ದೆಗ್ರಾಂಜ್ ಹೇಳಿದ್ದು ಬಹಳ ಪ್ರಸಿದ್ಧ. ಅದೆಲ್ಲ ನಲವತ್ತೈದು ದಾಟಿದವರಿಗೆ, ಸ್ನಾಯುಬಲದಿಂದ ಗೆಲ್ಲುವುದೇ ಚೆನ್ನ ಅಂತ ಅವನ ಮಾತಿನ ಸಾರ. ಒರಟು ಮಾತು, ಒಪ್ಪುತ್ತೇನೆ. ನನಗೂ ನಲವತ್ತೈದು ದಾಟಿದೆ. ಆದರೆ ಯಂತ್ರಕ್ಕೆ ಬಾಗಿಲು ತೆರೆದರೆ ಏನಾಗುತ್ತದೆ ಅನ್ನುವುದನ್ನು ನೋಡಬೇಕಲ್ಲ.

1914ರಲ್ಲಿ ಸ್ವಿಟ್ಜರ್ಲೆಂಡಿನ ಆಸ್ಕರ್ ಎಗ್ ತಾಸಿಗೆ 44.247 ಕಿ.ಮೀ. ಓಡಿದ್ದ. ಹತ್ತೊಂಬತ್ತು ವರ್ಷ ಆ ದಾಖಲೆ ಅಲ್ಲಾಡಲಿಲ್ಲ. 1933ರಲ್ಲಿ ಫ್ರಾನ್ಸಿಸ್ ಫೋರ್ 45.055 ಕಿ.ಮೀ. ಓಡಿಬಿಟ್ಟ. ಫೋರ್ ಎರಡನೇ ಸಾಲಿನ ಸವಾರ. ಅವನು ಹತ್ತಿದ್ದು ಶಾರ್ಲ್ ಮೋಶೆ ಕಟ್ಟಿದ ಹೊಸ ಬಗೆಯ ಸೈಕಲ್. ಒರಗು ಕುರ್ಚಿಯಲ್ಲಿ ಮಲಗಿದಂತೆ ಕೂತು ಕಾಲು ಮುಂದೆ ಚಾಚಿ ತುಳಿಯುವುದು. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ 1934ರಲ್ಲಿ ಸೈಕಲ್ ಅಂದರೆ ಏನು ಅಂತ ಅಳತೆ ಬರೆದು ಅದನ್ನು ಹೊರಗಿಟ್ಟಿತು.

ಇನ್ನೂ ಗಟ್ಟಿ ಸಾಕ್ಷಿ ಬೇಕೇ? ಕ್ರಿಸ್ ಬೋರ್ಡ್‌ಮನ್ ಇದ್ದಾನೆ. 1996ರಲ್ಲಿ ವಿಶೇಷ ಸೈಕಲ್ಲಿನ ಮೇಲೆ, ಕೈಗಳನ್ನು ಹಾರುವವನ ಹಾಗೆ ಮುಂದೆ ಚಾಚಿ, ಅವನು ತಾಸಿಗೆ 56.375 ಕಿ.ಮೀ. ಓಡಿದ. ಆಮೇಲೆ ಒಕ್ಕೂಟ ಹಳೇ ಮಾದರಿಯ ಸೈಕಲ್ಲೇ ಬೇಕು ಅಂತ ನಿಯಮ ತಂದಿತು. 2000ದಲ್ಲಿ ಅವನೇ ಅಂಥ ಸೈಕಲ್ ಹತ್ತಿದಾಗ ಬಂದದ್ದು 49.441. ಬೆಲ್ಜಿಯಂನ ಹೆಸರಾಂತ ಸವಾರ ಎಡ್ಡಿ ಮರ್ಕ್ಸ್ 1972ರಲ್ಲಿ ಓಡಿದ್ದು 49.431. ಅಂದರೆ ಮರ್ಕ್ಸ್‌ಗಿಂತ ಬರೀ ಹತ್ತು ಮೀಟರ್ ಮುಂದೆ! ಬೋರ್ಡ್‌ಮನ್‌ಗೆ ನಾಲ್ಕು ವರ್ಷ ವಯಸ್ಸೂ ಹೆಚ್ಚಾಗಿತ್ತು, ನಿಜ. ಆದರೂ ಆ ಏಳು ಕಿಲೋಮೀಟರಿನಲ್ಲಿ ಕಾಲಿನ ಪಾಲು ಎಷ್ಟು, ಸೈಕಲ್ಲಿನ ಪಾಲು ಎಷ್ಟು? ದೆಗ್ರಾಂಜ್ ನೂರು ವರ್ಷ ಹಿಂದೆಯೇ ಈ ಪ್ರಶ್ನೆ ಕೇಳಿದ್ದ.

ಒಂದೇ ಗೇರಿನಲ್ಲಿ ಘಟ್ಟ ಏರುವುದು ಕಷ್ಟ, ಯಾರು ಇಲ್ಲ ಅಂದರು? ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ ಗೇರ್ ಇಲ್ಲ ಅಂತ ಅತ್ತು ಪ್ರಯೋಜನ ಇಲ್ಲ. ಕಷ್ಟ ಎಲ್ಲರಿಗೂ ಒಂದೇ ಇತ್ತು. 1903ರಲ್ಲಿ 60 ಜನ ಹೊರಟರು, 21 ಜನ ಮುಟ್ಟಿದರು. ಮೊದಲ ಹಂತವೇ ಪ್ಯಾರಿಸ್‌ನಿಂದ ಲಿಯೋನ್‌ಗೆ 467 ಕಿ.ಮೀ. ಚಿಕ್ಕಂದಿನಲ್ಲಿ ಚಿಮಣಿ ಗುಡಿಸುತ್ತಿದ್ದ ಮಾರಿಸ್ ಗಾರಿನ್ ಅದನ್ನು ಹದಿನೇಳು ಮುಕ್ಕಾಲು ಗಂಟೆಯಲ್ಲಿ ಮುಗಿಸಿದ. ಜನ ಇವತ್ತಿಗೂ ಆ ರೇಸಿನ ಮಾತಾಡುವುದು ಆ ಕಷ್ಟದಿಂದಲೇ, ಅಲ್ವಾ?

ವಿರೋಧ: ಕುಲುಮೆಯ ಮುಂದೆ ನಿಂತವನನ್ನು ಕೇಳಿ

1913. ಬಯೋನ್‌ನಿಂದ ಲುಶೋನ್‌ಗೆ, ಪಿರೆನೀಸ್ ಬೆಟ್ಟಗಳ ನಡುವೆ 326 ಕಿ.ಮೀ. ದಾರಿ. ನಸುಕಿಗೆ ಮುಂಚೆಯೇ ಹೊರಟಿದ್ದರು. ಯೂಜೀನ್ ಕ್ರಿಸ್ಟೋಫ್ ಅವತ್ತು ಮುಂಚೂಣಿಯಲ್ಲಿದ್ದ. ಆ ವರ್ಷದ ಟೂರನ್ನೇ ಗೆಲ್ಲುವ ಲಕ್ಷಣ ಇತ್ತು. ಟೂರ್ಮಲೆ ಘಟ್ಟ ಇಳಿಯುವಾಗ ಮುಂದಿನ ಫೋರ್ಕ್ ಮುರಿಯಿತು.

ಬೇರೆ ಸೈಕಲ್ ತೆಗೆದುಕೊಳ್ಳುವಂತಿಲ್ಲ. ಸೈಕಲ್ಲನ್ನು ಹೆಗಲಿಗೆ ಹಾಕಿಕೊಂಡು, ಅಳುತ್ತಾ, ಸುಮಾರು 14 ಕಿ.ಮೀ. ನಡೆದು ಸೇಂತ್-ಮರಿ-ದ-ಕಾಂಪಾ ಎಂಬ ಹಳ್ಳಿಗೆ ಬಂದ. ಅಲ್ಲೊಂದು ಕುಲುಮೆ. ಕಮ್ಮಾರ ಪಕ್ಕದಲ್ಲೇ ನಿಂತಿದ್ದಾನೆ, ಆದರೆ ಮುಟ್ಟುವ ಹಾಗಿಲ್ಲ. ನಿಯಮ ಕಾಯಲು ಅಧಿಕಾರಿಗಳು ಬಾಗಿಲಲ್ಲಿ. ಕ್ರಿಸ್ಟೋಫ್ ತಾನೇ ಕಬ್ಬಿಣ ಕಾಯಿಸಿ, ತಾನೇ ಬಡಿದು, ಗಂಟೆಗಟ್ಟಲೆ ಕೂತು ಫೋರ್ಕ್ ಬೆಸೆದ. ಕಾವಲಿದ್ದ ಅಧಿಕಾರಿಯೊಬ್ಬ ಹಸಿವು, ಏನಾದರೂ ತಿಂದು ಬರುತ್ತೇನೆ ಅಂದಾಗ, ಇದ್ದಿಲು ಇದೆ ತಿನ್ನು ಅಂದನಂತೆ. ಎರಡು ಕೈಯಲ್ಲಿ ಕಬ್ಬಿಣ ಹಿಡಿದವನಿಗೆ ತಿದಿ ಒತ್ತಲು ಮೂರನೇ ಕೈ ಎಲ್ಲಿಂದ ಬರಬೇಕು? ಒಬ್ಬ ಹುಡುಗ ಒತ್ತಿದ. ಅದು ಹೊರಗಿನ ನೆರವು ಅಂತ ಹತ್ತು ನಿಮಿಷದ ದಂಡ ಬಿತ್ತು. ಆಮೇಲೆ ಮೂರಕ್ಕೆ ಇಳಿಸಿದರು. ಗಂಟೆಗಟ್ಟಲೆ ಕಳೆದುಕೊಂಡವನಿಗೆ ಅದು ಗಾಯದ ಮೇಲೆ ಬರೆ ಅಷ್ಟೇ. ಅವನು ಏಳನೆಯವನಾಗಿ ಮುಗಿಸಿದ. 1919ರಲ್ಲಿ, ಟೂರಿನ ಮೊಟ್ಟಮೊದಲ ಹಳದಿ ಜೆರ್ಸಿ (ಒಟ್ಟು ಓಟದಲ್ಲಿ ಮುಂದಿರುವವನು ತೊಡುವ ಅಂಗಿ) ತೊಟ್ಟು ಗೆಲುವಿನ ಹತ್ತಿರ ಬಂದಾಗ ಮತ್ತೆ ಫೋರ್ಕೇ ಮುರಿಯಿತು. ಟೂರ್ ಅವನಿಗೆ ಕೊನೆಗೂ ದಕ್ಕಲಿಲ್ಲ.

ಈಗ ಪರ ವಾದದವರನ್ನು ಒಂದು ಮಾತು ಕೇಳುತ್ತೇನೆ. ಇಲ್ಲಿ ಸೋತದ್ದು ಮನುಷ್ಯನೋ, ಯಂತ್ರವೋ? ಫೋರ್ಕ್ ಮಾಡಿದ್ದು ಕಾರ್ಖಾನೆ. ಮುರಿದದ್ದು ಅದರ ಕಬ್ಬಿಣ. ಶಿಕ್ಷೆ ಮಾತ್ರ ಸವಾರನಿಗೆ. ರೇಸಿನಿಂದ ಯಂತ್ರವನ್ನು ದೂರ ಇಡುತ್ತೇನೆ ಅಂತ ಹೊರಟ ನಿಯಮ ಕಡೆಗೆ ಯಂತ್ರದ ಕೈಗೇ ತೀರ್ಪು ಕೊಟ್ಟಿತು. ಅವತ್ತು ಬದಲಿ ಸೈಕಲ್ ಕೊಟ್ಟಿದ್ದರೆ ಕ್ರಿಸ್ಟೋಫನ ಕಾಲುಗಳಿಗೆ ನಿಜವಾದ ಪರೀಕ್ಷೆ ಆಗುತ್ತಿತ್ತು.

ಗೇರಿನ ಕಥೆಯೂ ಅದೇ. ಡೆರೈಲರ್ ಬೇಡ ಅಂದ ಮಾತ್ರಕ್ಕೆ ಸವಾರರು ಒಂದೇ ಗೇರಿನಲ್ಲಿ ಘಟ್ಟ ಏರಿದರು ಅಂದುಕೊಳ್ಳಬೇಡಿ. ಹಿಂದಿನ ಚಕ್ರದ ಎರಡು ಬದಿಗೂ ಹಲ್ಲುಚಕ್ರ ಇರುತ್ತಿತ್ತು. ಬಯಲಿಗೆ ಚಿಕ್ಕದು, ಏರಿಗೆ ದೊಡ್ಡದು. ಘಟ್ಟದ ಬುಡ ಬಂದರೆ ಇಳಿಯಬೇಕು, ನಟ್ ಬಿಚ್ಚಬೇಕು, ಚಕ್ರ ತೆಗೆದು ತಿರುಗಿಸಿ ಹಾಕಬೇಕು. ತುದಿ ಮುಟ್ಟಿದ ಮೇಲೆ ಮತ್ತೆ ಅದೇ ಕೆಲಸ. ಇಟಲಿಯ ತುಲ್ಲಿಯೊ ಕಂಪಾಞೊಲೊ ಹಿಮ ಬಿದ್ದ ಕ್ರೋಚೆ ದೌನೆ ಘಟ್ಟದಲ್ಲಿ, ಬೆರಳು ಮರಗಟ್ಟಿ ನಟ್ ಬಿಚ್ಚಲಾರದೆ ರೇಸ್ ಕಳೆದುಕೊಂಡ ಅಂತ ಒಂದು ಕಥೆ ಇದೆ. ಎಷ್ಟು ಉಪ್ಪುಖಾರ ಸೇರಿದೆಯೋ. ಮುಂದೆ ಚಕ್ರವನ್ನು ಒಂದೇ ಹಿಡಿಕೆಯಿಂದ ಬಿಚ್ಚುವ ಉಪಾಯ ತಂದವನು ಮಾತ್ರ ಅವನೇ. ಹಾಗಾದರೆ ಗೇರ್ ಬದಲಿಸುವುದು ತಪ್ಪಲ್ಲ, ಸುಲಭವಾಗಿ ಬದಲಿಸುವುದು ತಪ್ಪು! ಇದು ಯಾವ ನ್ಯಾಯ?

ಬೋರ್ಡ್‌ಮನ್ ಉದಾಹರಣೆ ಚೆನ್ನಾಗಿದೆ, ಆದರೆ ಇಲ್ಲಿಗೆ ಹೊಂದುವುದಿಲ್ಲ. ಅವನ ಸೈಕಲ್ ಗಾಳಿಗೆ ಮೋಸ ಮಾಡಿತು. ಗೇರ್ ಯಾರಿಗೂ ಮೋಸ ಮಾಡುವುದಿಲ್ಲ. ಅದು ಒಂದು ಗುಲಗಂಜಿಯಷ್ಟೂ ಶಕ್ತಿ ಕೊಡುವುದಿಲ್ಲ. ಸವಾರನಲ್ಲಿ ಇರುವ ಶಕ್ತಿಯನ್ನೇ ಏರಿಗೆ ತಕ್ಕ ಹಾಗೆ ಹಂಚುತ್ತದೆ. ಸೇಂತ್-ಎತಿಯೆನ್ ಊರಿನ ಪೌಲ್ ದ ವಿವಿ, ಅಂದರೆ ವೆಲೋಸಿಯೊ ಅಂತ ಬರೆಯುತ್ತಿದ್ದವನು, ಇದನ್ನೇ ವರ್ಷಗಟ್ಟಲೆ ಸಾರಿದ. ಬರೀ ಬರೆಯಲಿಲ್ಲ, ಹಲವು ಗೇರಿನ ಸೈಕಲ್ಲಿನಲ್ಲಿ ಬೆಟ್ಟ ಹತ್ತಿ ತೋರಿಸಿದ.

ಕಷ್ಟ ಎಲ್ಲರಿಗೂ ಒಂದೇ ಇತ್ತು ಅನ್ನುವ ಮಾತಂತೂ ಸುಮ್ನೆ. ಕಂಪನಿ ತಂಡ ಇಲ್ಲದ ಒಂಟಿ ಸವಾರರು ಊಟ, ವಸತಿ ಎಲ್ಲ ತಾವೇ ನೋಡಿಕೊಳ್ಳಬೇಕಿತ್ತು. ಅಂಥ ಒಬ್ಬ, ಜೂಲ್ ದೆಲೋಫ್ರ್, ದಿನದ ಓಟ ಮುಗಿಸಿ ಬಂದು ಜನರ ಮುಂದೆ ಪಲ್ಟಿ ಹೊಡೆದು, ಟೋಪಿ ಹಿಡಿದು ಚಿಲ್ಲರೆ ಎತ್ತಿ ರಾತ್ರಿಯ ಕೋಣೆಗೆ ಕೊಡುತ್ತಿದ್ದ. ನೂರಾರು ಕಿಲೋಮೀಟರ್ ತುಳಿದ ಮೇಲೆ ದೊಂಬರಾಟ!

1924ರಲ್ಲಿ ಹಿಂದಿನ ವರ್ಷದ ವಿಜೇತ ಆನ್ರಿ ಪೆಲಿಸಿಯೇ ಕೂತಾಂಸ್ ಊರಿನಲ್ಲಿ ರೇಸ್ ಬಿಟ್ಟ. ಕಾರಣ ಒಂದು ಅಂಗಿ. ಕತ್ತಲಲ್ಲಿ ಚಳಿಗೆ ಎರಡು ಜೆರ್ಸಿ ತೊಟ್ಟು ಹೊರಟವನು ಬಿಸಿಲೇರಿದ ಮೇಲೂ ಎರಡನ್ನೂ ತಂದೇ ಮುಟ್ಟಿಸಬೇಕು ಅನ್ನುವುದು ನಿಯಮ. ಅಧಿಕಾರಿ ಅಂಗಿ ಎತ್ತಿ ಎಣಿಸಲು ಬಂದದ್ದೇ ಅವನಿಗೆ ಸಿಟ್ಟು. ಪೆಲಿಸಿಯೇ ಮತ್ತು ಜೊತೆಯವರು ಹೋಟೆಲಿನಲ್ಲಿ ಕೂತು ಪತ್ರಕರ್ತ ಆಲ್ಬೆರ್ ಲೋಂದ್ರ್ ಮುಂದೆ ಚೀಲ ಬಿಚ್ಚಿದರು. ಕಣ್ಣಿಗೆ ಕೊಕೇನ್, ಒಸಡಿಗೆ ಕ್ಲೋರೋಫಾರ್ಮ್, ಮೇಲೆ ಮಾತ್ರೆಗಳು. ಕಾಲುಗಳ ಶುದ್ಧ ಪರೀಕ್ಷೆ ಅಂದರಲ್ಲ, ಇದೇ ಅದು.

ಲಾಭ ಯಾರಿಗೆ? 1903ಕ್ಕೆ ಮುಂಚೆ ದೆಗ್ರಾಂಜ್‌ನ ಪತ್ರಿಕೆ ಲೋಟೋ ಸುಮಾರು 25 ಸಾವಿರ ಪ್ರತಿ ಮಾರುತ್ತಿತ್ತು. ಮೊದಲ ಟೂರ್ ಆದ ಮೇಲೆ ಅದು 65 ಸಾವಿರ. 1920ರ ದಶಕಕ್ಕೆ ಲಕ್ಷಗಟ್ಟಲೆ. ಕುಲುಮೆಯ ಕಣ್ಣೀರು ಪತ್ರಿಕೆ ಮಾರಿಸುತ್ತದೆ. ಯಾರದೋ ಬೆವರು, ಎಲ್ಲಮ್ಮನ ಜಾತ್ರೆ.

1936ರಲ್ಲಿ ಕಾಯಿಲೆಯಾಗಿ ದೆಗ್ರಾಂಜ್ ಹಿಂದೆ ಸರಿದ, ಜಾಕ್ ಗೊದೆ ಬಂದ. ಮರುವರ್ಷವೇ ಡೆರೈಲರ್ ಒಳಗೆ ಬಂತು. ರೊಜೆ ಲಪೆಬಿ ಅದರೊಂದಿಗೆ ಗೆದ್ದ ಮೊದಲಿಗ. ಆ ವರ್ಷ ಜಗಳ ಆಗಲಿಲ್ಲ ಅಂತಲ್ಲ, ಜೋರಾಗಿಯೇ ಆಯಿತು. ಬೆಲ್ಜಿಯಂ ತಂಡ ಅರ್ಧದಲ್ಲೇ ಮನೆಗೆ ಹೋಯಿತು. ಆದರೆ ಅವರ ದೂರು ಗೇರಿನ ಮೇಲಲ್ಲ. ಏರಿನಲ್ಲಿ ಜನ ಲಪೆಬಿಯನ್ನು ಹಿಂದಿನಿಂದ ತಳ್ಳುತ್ತಿದ್ದಾರೆ, ಅವನಿಗೆ ಹಾಕಿದ ದಂಡ ಸಾಲದು ಅಂತ.