ಅಲೋಸ್ಟೆರಿಕ್ ಅಂದರೆ ‘ಬೇರೆ ಜಾಗ’ ಅಲ್ಲ

ಕಿಣ್ವಗಳ ಬಗ್ಗೆ ಲೇಖನ ಚೆನ್ನಾಗಿದೆ ಸರ್. ಒಂದೇ ತಕರಾರು: ಜೀವಕೋಶದ ರಾಸಾಯನಿಕ ಕ್ರಿಯೆಗಳನ್ನು ನಡೆಸುವ ಈ ಕಿಣ್ವಗಳನ್ನು ಕೆಲವು ಅಣುಗಳು ತಡೆಯುವ ಬಗೆಗೆ ಇಟ್ಟ ‘ಅಲೋಸ್ಟೆರಿಕ್’ ಪದಕ್ಕೆ ‘ಬೇರೆ ಜಾಗ’ ಎಂದು ಅರ್ಥ ಕೊಟ್ಟಿದ್ದೀರಿ. ಗ್ರೀಕಿನಲ್ಲಿ ‘ಆಲೋಸ್’ ಅಂದರೆ ಬೇರೆ, ಸರಿ; ಆದರೆ ‘ಸ್ಟೀರಿಯೋಸ್’ ಅಂದರೆ ಘನ, ಗಟ್ಟಿ. ಜಾಗದ ಮಾತೇ ಅಲ್ಲಿಲ್ಲ. 1961ರಲ್ಲಿ ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯ ವಿಜ್ಞಾನಿಗಳಾದ ಮೊನೊ ಮತ್ತು ಜಾಕೋಬ್ ಈ ಪದ ಬಳಕೆಗೆ ತಂದಾಗ ಹೇಳಹೊರಟದ್ದು, ತಡೆಯೊಡ್ಡುವ ಅಣುವಿನ ಆಕಾರ ಕಿಣ್ವದ ಮಾಮೂಲಿ ಗಿರಾಕಿಯ, ಅಂದರೆ ಅದು ಹಿಡಿದು ಮಾರ್ಪಡಿಸುವ ಅಣುವಿನ, ಆಕಾರದಂತಿಲ್ಲ ಅಂತ. ಆಕಾರವೇ ಬೇರೆಯಾದ ಮೇಲೆ ಗಿರಾಕಿ ಕೂರುವ ಅದೇ ಗೂಡಿನಲ್ಲಿ ಕೂರುವುದು ಹೇಗೆ? ‘ಬೇರೆ ಜಾಗ’ ಎಂಬುದು ಅದರಿಂದ ಹೊರಟ ತೀರ್ಮಾನ, ಪದದ ಅರ್ಥವಲ್ಲ.

ಉದಾಹರಣೆಗೆ, ಇ. ಕೋಲೈ ಬ್ಯಾಕ್ಟೀರಿಯಾ ಥ್ರಿಯೋನಿನ್ ಎಂಬ ಅಮೈನೋ ಆಮ್ಲದಿಂದ ಐದು ಹಂತಗಳಲ್ಲಿ ಐಸೋಲ್ಯೂಸಿನ್ ಎಂಬ ಇನ್ನೊಂದನ್ನು ಮಾಡಿಕೊಳ್ಳುತ್ತದೆ. ಐಸೋಲ್ಯೂಸಿನ್ ಸಾಕಷ್ಟಾದರೆ ಅದೇ ಹೋಗಿ ಮೊದಲ ಹಂತದ ಕಿಣ್ವವನ್ನು ತಡೆಯುತ್ತದೆ. ಮೊನೊ ಶಿಷ್ಯ ಶಾಂಜೋ ಆ ಕಿಣ್ವವನ್ನು ಹದವಾಗಿ ಬಿಸಿ ಮಾಡಿ ನೋಡಿದರು. ಕಿಣ್ವದ ಕೆಲಸ ನಡೆದೇ ಇತ್ತು, ಐಸೋಲ್ಯೂಸಿನ್ ತಡೆದರೆ ಮಾತ್ರ ಅದರ ಮಾತು ಕೇಳುತ್ತಿರಲಿಲ್ಲ! ಥ್ರಿಯೋನಿನ್, ಐಸೋಲ್ಯೂಸಿನ್ ಎರಡಕ್ಕೂ ಒಂದೇ ಗೂಡಿದ್ದಿದ್ದರೆ ಹೀಗಾಗುತ್ತಿತ್ತೇ?

ಅಂದಹಾಗೆ, ನಾನೂ ಪರೀಕ್ಷೆಯಲ್ಲಿ ‘ಬೇರೆ ಜಾಗ’ ಎಂದೇ ಬರೆದು ಪೂರ್ತಿ ಅಂಕ ಗಿಟ್ಟಿಸಿದವನು.